‘ಡೀಮ್ಡ್’ : ಒಂದು ಗುಣವಾಚಕದ ವಿಚಾರ

ಇಂಗ್ಲಿಷಿನ ಗುಣವಾಚಕಗಳಲ್ಲಿ ಕೆಲವು ಪಠ್ಯಪುಸ್ತಕದ ಮೂಲಕ ನಮ್ಮ ಮನೆಗೆ ಬರುತ್ತವೆ. ಕೆಲವು ತಾಲ್ಲೂಕು ಕಚೇರಿಯ ಮೂಲಕ ಬರುತ್ತವೆ. ‘ಬ್ಯೂಟಿಫುಲ್’, ‘ನೋಬಲ್’ ಮೊದಲಾದವು ಮೊದಲನೆಯ ಜಾತಿಯವು. ಅವುಗಳ ಅರ್ಥವನ್ನು ಹೇಳಿಕೊಡುವುದಕ್ಕೆ ನನ್ನಂಥ ಅಧ್ಯಾಪಕರಿಗೆ ಸರ್ಕಾರ ಸಂಬಳ ಕೊಡುತ್ತದೆ. ಎರಡನೆಯ ಜಾತಿಯ ಶಬ್ದಗಳಿಗೆ ಅಧ್ಯಾಪಕರೂ ಇಲ್ಲ, ಪರೀಕ್ಷೆಯೂ ಇಲ್ಲ; ಆದರೆ ಅವು ತಿಳಿಯದೆ ಹೋದರೆ ಆಗುವ ನಷ್ಟ ಅಂಕಪಟ್ಟಿಯ ನಷ್ಟಕ್ಕಿಂತ ದೊಡ್ಡದು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಇಂಗ್ಲಿಷಿನ ಒಂದಕ್ಷರವನ್ನೂ ಓದಲಾರದ ಹಿರಿಯರ ಬಾಯಲ್ಲಿಯೂ ಇಂದು ಸಲೀಸಾಗಿ ಓಡಾಡುತ್ತಿರುವ ಅಂಥ ಶಬ್ದವೊಂದಿದೆ. ಅದು ‘ಡೀಮ್ಡ್’. ಅದರ ಅರ್ಥವನ್ನೂ ಪ್ರಯೋಗವನ್ನೂ ನಮ್ಮ ವಿದ್ಯಾರ್ಥಿಗಳಿಗೆ ಆದಷ್ಟು ಬಿಡಿಸಿ ಹೇಳುವುದು ಈ ಬರಹದ ಉದ್ದೇಶ.

ಈಚೆಗೆ ಒಂದು ದಿನ ತರಗತಿಯಲ್ಲಿ ಚೀಟಿಗಳನ್ನು ಹಂಚಿ, ಈ ಶಬ್ದಕ್ಕೆ ತಮಗೆ ತಿಳಿದ ಅರ್ಥವನ್ನು ಬರೆಯುವಂತೆ ಹೇಳಿದೆ. ಬಂದ ಉತ್ತರಗಳು ಸ್ವಾರಸ್ಯವಾಗಿದ್ದವು. ‘ಅರ್ಧ ಅರಣ್ಯ’ ಎಂದು ಒಬ್ಬರು. ‘ಸರ್ಕಾರ ಕಿತ್ತುಕೊಂಡದ್ದು’ ಎಂದು ಇನ್ನೊಬ್ಬರು. ‘ಖಾಸಗಿ, ಫೀಜು ಹೆಚ್ಚು’ ಎಂದು ಮತ್ತೊಬ್ಬರು (ಇವರು ಅರಣ್ಯವನ್ನು ಬಿಟ್ಟು ವಿಶ್ವವಿದ್ಯಾಲಯವನ್ನು ನೆನೆದಿದ್ದರೆಂಬುದು ಸ್ಪಷ್ಟ). ‘ಸಂಶಯವಿರುವ’ ಎಂದು ಕೆಲವರು. ‘ಮಬ್ಬಾದ’ ಎಂದು ಒಬ್ಬರು. ಈ ಕೊನೆಯವರು ‘ಡಿಮ್’ ಆದ ದೀಪವನ್ನು ನೆನೆದುಕೊಂಡಿದ್ದರು. ಒಬ್ಬ ಹುಡುಗಿ ಮಾತ್ರ ಶಬ್ದವನ್ನೇ ತಪ್ಪಾಗಿ ಕೇಳಿಕೊಂಡು ‘ಡೂಮ್ಡ್ ಎಂದರೆ ಹಾಳಾಗುವ ಹಣೆಬರಹದ’ ಎಂದು ಬರೆದಿದ್ದಳು. ಉಳಿದವರು ನಕ್ಕರು. ಆದರೆ ಶಬ್ದದ ವಂಶಾವಳಿಯನ್ನು ನೋಡಿದರೆ ಆಕೆಯೇ ಎಲ್ಲರಿಗಿಂತ ಬೇರಿನ ಸಮೀಪಕ್ಕೆ ಹೋಗಿದ್ದಳು.

ಹೇಗೆಂದರೆ, ‘ಡೀಮ್’ ಎಂಬ ಕ್ರಿಯಾಪದ ಹಳೆಯ ಇಂಗ್ಲಿಷಿನದು. ತೀರ್ಪು ಕೊಡುವುದು ಎಂದು ಅದರ ಮೂಲಾರ್ಥ. ‘ಡೂಮ್’ ಎಂಬುದು ಅದೇ ಬೇರಿನ ನಾಮಪದ. ಅದಕ್ಕೆ ಮೊದಲಿದ್ದ ಅರ್ಥವೂ ತೀರ್ಪು ಎಂದೇ. ನಾಶ, ದುರ್ಗತಿ ಎಂಬ ಅರ್ಥ ತರುವಾಯ ಬಂದದ್ದು. ಒಂದನೆಯ ವಿಲಿಯಂ ರಾಜ 1086ರಲ್ಲಿ ಇಂಗ್ಲೆಂಡಿನ ಭೂಮಿಯನ್ನೆಲ್ಲ ಲೆಕ್ಕ ಹಾಕಿಸಿ ಬರೆಸಿದ ದಫ್ತರಕ್ಕೆ ಜನ ‘ಡೂಮ್ಸ್‌ಡೇ ಪುಸ್ತಕ’ ಎಂದು ಹೆಸರಿಟ್ಟರು. ಪ್ರಳಯದಿನದ ತೀರ್ಪಿನ ಮೇಲೆ ಹೇಗೆ ಅಪೀಲಿಲ್ಲವೋ ಹಾಗೆ ಆ ದಫ್ತರದಲ್ಲಿ ಬರೆದುದರ ಮೇಲೆಯೂ ಅಪೀಲಿಲ್ಲ ಎಂಬುದು ಇಂಗಿತ. ಐರಿಷ್ ಸಮುದ್ರದ ನಡುವೆ ಇರುವ ಮ್ಯಾನ್ ದ್ವೀಪದಲ್ಲಿ ನ್ಯಾಯಾಧೀಶರನ್ನು ಇಂದಿಗೂ ‘ಡೀಮ್‌ಸ್ಟರ್’ ಎಂದೇ ಕರೆಯುತ್ತಾರೆ. ಆದುದರಿಂದ ಈ ಶಬ್ದವನ್ನು ‘ಊಹೆ’, ‘ಅನುಮಾನ’ ಎಂಬ ಮೆದುವಾದ ಮಾತುಗಳಿಂದ ಅನುವಾದಿಸುವವರು ಅದರ ಬಿಗಿಯನ್ನು ಸಡಿಲಿಸುತ್ತಾರೆ. ಅದು ಹುಟ್ಟಿದ್ದು ನ್ಯಾಯಪೀಠದ ಮೇಲೆ.

ಈಗಿನ ಇಂಗ್ಲಿಷಿನಲ್ಲಿ ಈ ಶಬ್ದಕ್ಕೆ ಎರಡು ಉಪಯೋಗಗಳುಂಟು. ಮೊದಲನೆಯದು ಅಭಿಪ್ರಾಯವನ್ನು ಗಾಂಭೀರ್ಯದಿಂದ ಹೇಳುವಾಗ. ಸಮಿತಿಯವರು ಒಬ್ಬನನ್ನು ಯೋಗ್ಯನೆಂದು ಎಣಿಸಿದರು, ಪ್ರವಾಸವನ್ನು ಮುಂದೂಡುವುದು ಅವಶ್ಯವೆಂದು ಕಂಡರು, ಎಂಬಂಥ ಸಂದರ್ಭಗಳು ಇದಕ್ಕೆ ಸೇರುತ್ತವೆ. ನಮ್ಮ ಕೋರ್ಟು ಅರ್ಜಿಗಳ ಕೊನೆಯಲ್ಲಿ ‘ಯುಕ್ತಕಂಡಂತೆ ಆಜ್ಞೆ ಮಾಡಬೇಕು’ ಎಂದು ಬರೆಯುತ್ತಾರಲ್ಲವೆ? ಆ ‘ಯುಕ್ತಕಂಡಂತೆ’ ಎಂಬುದು ಇಂಗ್ಲಿಷಿನ ‘ಡೀಮ್ ಫಿಟ್’ ಎಂಬುದರ ಅಚ್ಚುಕಟ್ಟಾದ ಕನ್ನಡ. ಇಲ್ಲಿ ತೊಡಕೇನೂ ಇಲ್ಲ. ಇದು ಬರವಣಿಗೆಯ ಶಬ್ದ, ಆಡುಮಾತಿನದಲ್ಲ ಎಂಬುದೊಂದನ್ನು ನೆನಪಿಟ್ಟರಾಯಿತು. ‘ಈ ಹೋಟೆಲಿನ ಕಾಫಿ ಚೆನ್ನಾಗಿದೆಯೆಂದು ನಾನು ಡೀಮ್ ಮಾಡುತ್ತೇನೆ’ ಎಂದರೆ ಕೇಳಿದವರು ನಗುತ್ತಾರೆ.

ನಮ್ಮ ವಿದ್ಯಾರ್ಥಿಗಳು ಪದೇ ಪದೇ ಎಡವುವ ಒಂದು ಜಾಗವನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಕನ್ನಡದಲ್ಲಿ ‘ಯೋಗ್ಯನೆಂದು ಎಣಿಸಿದರು’ ಎನ್ನುವಾಗ ‘ಎಂದು’ ಬರುತ್ತದೆ. ಅದಕ್ಕೆ ಸಮನಾಗಿರಲೆಂದು ಅವರು ‘ಡೀಮ್ಡ್’ ಆದ ಮೇಲೆ ‘ಆ್ಯಸ್’ ಎಂಬುದನ್ನು ಸೇರಿಸುತ್ತಾರೆ. ‘ರಿಗಾರ್ಡೆಡ್’ ಎಂಬುದಕ್ಕೆ ಆ ‘ಆ್ಯಸ್’ ಬೇಕು; ‘ಡೀಮ್ಡ್’ ಎಂಬುದಕ್ಕೆ ಬೇಡ. ‘ಡೀಮ್ಡ್ ಫಿಟ್’ ಎಂದಾದರೂ ಬರೆಯಬಹುದು, ‘ಡೀಮ್ಡ್ ಟು ಬಿ ಫಿಟ್’ ಎಂದಾದರೂ ಬರೆಯಬಹುದು. ಉಚ್ಚಾರಣೆಯಲ್ಲಿ ಇದು ಒಂದೇ ಉಸಿರಿನ ಶಬ್ದ. ‘ಡೀಮೆಡ್’ ಎಂದು ಎರಡು ತುಂಡು ಮಾಡಬಾರದು.

ಎರಡನೆಯ ಉಪಯೋಗ ಕಾನೂನಿನದು. ನಮಗೆ ಬೇಕಾದದ್ದು ಇದು. ಒಂದು ವಸ್ತು ನಿಜವಾಗಿ ಏನೇ ಆಗಿರಲಿ, ಇಂಥ ಕೆಲಸದ ಮಟ್ಟಿಗೆ ಅದನ್ನು ಇಂಥದೆಂದೇ ಹಿಡಿದು ನಡೆಯತಕ್ಕದ್ದು ಎಂದು ಕಾನೂನು ಅಪ್ಪಣೆ ಮಾಡುವಾಗ ಈ ಶಬ್ದ ಬರುತ್ತದೆ. ಇದನ್ನು ತಿಳಿಯಲು ನಾವು ಲಂಡನ್ನಿಗೆ ಹೋಗಬೇಕಾಗಿಲ್ಲ, ನಮ್ಮ ಮನೆಗಳ ಪೂಜೆಯನ್ನು ನೋಡಿದರೆ ಸಾಕು. ಯಾವ ಶುಭಕಾರ್ಯಕ್ಕೂ ಮೊದಲು ಪುರೋಹಿತರು ಅರಿಸಿನದ ಮುದ್ದೆಯೊಂದನ್ನು ವೀಳ್ಯದೆಲೆಯ ಮೇಲಿಟ್ಟು ಗಣಪತಿಯನ್ನು ಆವಾಹನೆ ಮಾಡುತ್ತಾರೆ. ಅದು ಅರಿಸಿನವೆಂಬುದು ಮಾಡುವವರಿಗೂ ಗೊತ್ತು, ನೋಡುವವರಿಗೂ ಗೊತ್ತು. ಹಾಗೆಂದು ‘ಇದು ಅರಿಸಿನ’ ಎಂದು ಯಾರಾದರೂ ಸಾಕ್ಷಿ ನುಡಿದು ಪೂಜೆಯನ್ನು ನಿಲ್ಲಿಸಲಾಗುವುದಿಲ್ಲ. ಅದಕ್ಕೆ ಗರಿಕೆ, ನೈವೇದ್ಯ ಎಲ್ಲ ಸಲ್ಲತಕ್ಕದ್ದೇ. ಆದರೆ ವಿಸರ್ಜನೆಯಾದ ಮೇಲೆ ಅದು ಮತ್ತೆ ಅರಿಸಿನ. ಭಾವಿಸಿದವರು ಯಾರು, ಯಾವ ಕಾರ್ಯಕ್ಕಾಗಿ, ಎಷ್ಟು ಹೊತ್ತಿನವರೆಗೆ, ಈ ಮೂರೂ ಅಲ್ಲಿ ಖಚಿತವಾಗಿವೆ. ಸಂಸ್ಕೃತ ವ್ಯಾಕರಣವನ್ನೂ ಮೀಮಾಂಸೆಯನ್ನೂ ಓದಿದವರಿಗೆ ‘ಅತಿದೇಶ’ ಎಂಬ ಪರಿಭಾಷೆ ಪರಿಚಿತ. ಒಂದರ ಧರ್ಮವನ್ನು ಇನ್ನೊಂದಕ್ಕೆ ಒಯ್ದು ಹಚ್ಚುವ ವಿಧಿ ಅದು. ಇಂಗ್ಲಿಷ್ ಕಾನೂನಿನವರು ‘ಡೀಮ್ಡ್’ ಎಂದು ಮಾಡುವ ಕೆಲಸ ಅದಕ್ಕೆ ಬಹಳ ಹತ್ತಿರದ್ದು.

‘ಪ್ರಿಸ್ಯೂಮ್ಡ್’ ಎಂಬ ಶಬ್ದವನ್ನು ಇದರೊಡನೆ ಬೆರೆಸಬಾರದು. ಏಳು ವರ್ಷ ಸುದ್ದಿಯಿಲ್ಲದವನನ್ನು ಸತ್ತನೆಂದು ನ್ಯಾಯಾಲಯ ಊಹಿಸುತ್ತದೆ. ಎಂಟನೆಯ ವರ್ಷ ಆತ ಕೊಡೆ ಹಿಡಿದುಕೊಂಡು ಬಸ್ಸಿನಿಂದ ಇಳಿದರೆ ಆ ಊಹೆ ಬಿದ್ದುಹೋಗುತ್ತದೆ. ‘ಡೀಮ್ಡ್’ ಎಂಬುದು ಸಾಮಾನ್ಯವಾಗಿ ಹಾಗೆ ಬೀಳುವುದಿಲ್ಲ. ಎಲ್ಲೋ ಕೆಲವೆಡೆ ಕಾಯಿದೆಯೇ ಒಂದು ಕಿಟಕಿಯನ್ನು ತೆರೆದಿಡುತ್ತದೆ. ಸರಿಯಾದ ವಿಳಾಸ ಬರೆದು, ಅಂಚೆವೆಚ್ಚ ಹಚ್ಚಿ ರಿಜಿಸ್ಟರ್ ಮಾಡಿದ ನೋಟೀಸು ತಲುಪಿತೆಂದೇ ಭಾವಿಸತಕ್ಕದ್ದು, ವಿರುದ್ಧವಾಗಿ ರುಜುವಾತಾಗದಿದ್ದರೆ, ಎಂದು 1897ರ ಜನರಲ್ ಕ್ಲಾಸಸ್ ಕಾಯಿದೆಯಲ್ಲಿದೆ. ಹಳ್ಳಿಯಲ್ಲಿ ಅಂಚೆಯವನನ್ನು ಕಂಡೊಡನೆ ಹಿತ್ತಿಲ ಬಾಗಿಲಿನಿಂದ ತೋಟಕ್ಕೆ ಇಳಿಯುವ ಹಿರಿಯರು ಇದನ್ನು ಗಮನಿಸಬೇಕು. ಕಾಗದವನ್ನು ಮುಟ್ಟದಿದ್ದ ಮಾತ್ರಕ್ಕೆ ಅದು ತಲುಪಲಿಲ್ಲವೆಂದು ಆಗುವುದಿಲ್ಲ.

ವಿದ್ಯಾರ್ಥಿಗಳಿಗೆ ಹೆಚ್ಚು ಪರಿಚಿತವಾದದ್ದು ‘ಡೀಮ್ಡ್ ವಿಶ್ವವಿದ್ಯಾಲಯ’. 1956ರ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಕಾಯಿದೆಯ ಮೂರನೆಯ ಕಲಮು ಇದರ ಮೂಲ. ವಿಶ್ವವಿದ್ಯಾಲಯವಲ್ಲದ ಒಂದು ಉನ್ನತ ವಿದ್ಯಾಸಂಸ್ಥೆಯನ್ನು, ಆ ಕಾಯಿದೆಯ ಉದ್ದೇಶಗಳಿಗಾಗಿ, ವಿಶ್ವವಿದ್ಯಾಲಯವೆಂದು ಭಾವಿಸತಕ್ಕದ್ದೆಂದು ಕೇಂದ್ರ ಸರ್ಕಾರ ಸಾರಬಹುದೆಂಬುದು ಅದರ ತಾತ್ಪರ್ಯ. ‘ವಿಶ್ವವಿದ್ಯಾಲಯವಲ್ಲದ’ ಎಂಬ ಮಾತು ಅಲ್ಲಿಯೇ ಇದೆಯೆಂಬುದನ್ನು ಗಮನಿಸಬೇಕು. ಗಣಪತಿಯ ವಿಗ್ರಹವೇ ಎದುರಿಗಿದ್ದರೆ ಅರಿಸಿನದ ಮುದ್ದೆ ಬೇಕಿಲ್ಲ. ಈ ಕಲಮಿನಂತೆ 1958ರಲ್ಲಿಯೇ ಆ ಸ್ಥಾನವನ್ನು ಪಡೆದದ್ದು ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್. ಆದುದರಿಂದ ‘ಡೀಮ್ಡ್’ ಎಂದರೆ ಕೀಳು ಎಂದಾಗಲಿ, ಖಾಸಗಿ ಎಂದಾಗಲಿ ಅರ್ಥವಲ್ಲ. ಮುಂದೆ ಅನೇಕ ಸಂಸ್ಥೆಗಳು ಆ ಮಾತನ್ನು ನುಂಗಿ ‘ವಿಶ್ವವಿದ್ಯಾಲಯ’ ಎಂದಷ್ಟೇ ಫಲಕ ಹಾಕಿಕೊಳ್ಳತೊಡಗಿದುದರಿಂದ 2017ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ತಡೆಯಬೇಕಾಯಿತು.

ನಮ್ಮ ಸೀಮೆಗೆ ಈ ಶಬ್ದ ಮೊದಲು ಬಂದದ್ದು ಅರಣ್ಯದ ಜೊತೆಗಲ್ಲ, ಗದ್ದೆಯ ಜೊತೆಗೆ, ಹೆದರಿಸುವುದಕ್ಕಲ್ಲ, ಕಾಪಾಡುವುದಕ್ಕೆ. ಈಗಿನ ಮಕ್ಕಳಿಗೆ ಇದು ತಿಳಿಯದು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ರಾಮಮನೋಹರ ಲೋಹಿಯಾ ಅವರು ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದ ತೀರ್ಥಹಳ್ಳಿಯ ಕಡೆಯ ಶಾಂತವೇರಿ ಗೋಪಾಲಗೌಡರು ಶಾಸನಸಭೆಗೆ ಹೋದರು. ಅಂದಿನ ಗೇಣಿದಾರನ ದೊಡ್ಡ ಕಷ್ಟವೇನೆಂದರೆ ಅವನ ಕೈಯಲ್ಲಿ ಕಾಗದವಿರಲಿಲ್ಲ. ಅಜ್ಜನ ಕಾಲದಿಂದ ಉತ್ತದ್ದುಂಟು, ಬಿತ್ತಿದ್ದುಂಟು, ಗೇಣಿ ಅಳೆದದ್ದುಂಟು. ಚೀಟಿ ಮಾತ್ರ ಇಲ್ಲ. ‘ನೀನು ಗೇಣಿದಾರನೆಂಬುದಕ್ಕೆ ರುಜುವಾತೇನು?’ ಎಂದರೆ ಅವನು ತನ್ನ ಅಂಗೈಯ ಜಡ್ಡನ್ನು ತೋರಿಸಬೇಕಾಗಿತ್ತು.

1961ರ ಭೂಸುಧಾರಣಾ ಕಾಯಿದೆಯ ನಾಲ್ಕನೆಯ ಕಲಮು ಈ ಕಷ್ಟಕ್ಕೆ ಮದ್ದು. ಬೇರೊಬ್ಬನಿಗೆ ಸೇರಿದ ಜಮೀನನ್ನು ನ್ಯಾಯಬದ್ಧವಾಗಿ ಸಾಗುವಳಿ ಮಾಡುತ್ತಿರುವವನು, ಒಡೆಯನೇ ಸ್ವಂತ ಸಾಗುವಳಿ ಮಾಡುತ್ತಿಲ್ಲದಿದ್ದರೆ, ಗೇಣಿದಾರನೆಂದೇ ಭಾವಿಸಲ್ಪಡತಕ್ಕವನು. ಒಡೆಯನ ಕುಟುಂಬದವನು, ಕೂಲಿಗಾಗಿ ದುಡಿಯುವವನು, ಸ್ವಾಧೀನ ಅಡಮಾನ ಪಡೆದವನು, ಇವರನ್ನು ಮಾತ್ರ ಕಾಯಿದೆ ಹೊರಗಿಟ್ಟಿತು. ಇಂಥವನೇ ‘ಡೀಮ್ಡ್ ಟೆನೆಂಟ್’. ಮುಂದೆ 1974ರ ಮಾರ್ಚ್ 1ರಂದು ಗೇಣಿ ಜಮೀನುಗಳೆಲ್ಲ ಸರ್ಕಾರದಲ್ಲಿ ನಿಹಿತವಾದಾಗ, ಗೇಣಿದಾರರು ಏಳನೆಯ ನಮೂನೆಯ ಅರ್ಜಿ ಹಾಕಿಕೊಂಡು ಭೂನ್ಯಾಯಮಂಡಳಿಯ ಎದುರಿಗೆ ನಿಂತರು. ಚೀಟಿಯಿಲ್ಲದವನಿಗೂ ಅಲ್ಲಿ ಜಾಗವಿತ್ತು. ಇಂದು ನಮ್ಮ ಕಾಲೇಜಿಗೆ ಬರುವ ಎಷ್ಟೋ ಮಕ್ಕಳ ಮನೆಯ ಪಹಣಿಯಲ್ಲಿ ಅಜ್ಜನ ಹೆಸರು ಇರುವುದಕ್ಕೆ ಈ ಒಂದು ಶಬ್ದವೂ ಕಾರಣ. ಅದೇ ಮಕ್ಕಳು ಇಂದು ಆ ಶಬ್ದವನ್ನು ಕೇಳಿದೊಡನೆ ‘ಕಿತ್ತುಕೊಂಡದ್ದು’ ಎಂದು ಬರೆಯುತ್ತಾರೆ! ಶಬ್ದದ ಅರ್ಥ ಬದಲಾಗಿಲ್ಲ. ಅದು ಯಾವ ನಾಮಪದದ ಪಕ್ಕದಲ್ಲಿ ನಿಂತಿದೆ ಎಂಬುದು ಬದಲಾಗಿದೆ.

ಇಲ್ಲಿ ಸ್ವಲ್ಪ ವ್ಯಾಕರಣವನ್ನು ಹೇಳಬೇಕು. ‘ಡೀಮ್ಡ್’ ಹುಟ್ಟಾ ಗುಣವಾಚಕವಲ್ಲ. ಕ್ರಿಯಾಪದದ ಕೃದಂತ ಗುಣವಾಚಕದ ಅಂಗಿ ತೊಟ್ಟಿದೆ. ಕನ್ನಡದಲ್ಲಿ ‘ಕಡಿದ ಮರ’ ಎನ್ನುತ್ತೇವೆ. ‘ಕಡಿದರು’ ಎಂದಾಗ ಯಾರು ಎಂಬ ಪ್ರಶ್ನೆ ತಾನಾಗಿ ಬರುತ್ತದೆ. ‘ಕಡಿದ ಮರ’ ಎಂದಾಗ ಕಣ್ಣು ಮರದ ಮೇಲೆ ನಿಲ್ಲುತ್ತದೆ, ಕೊಡಲಿ ಹಿಡಿದವನು ಮರೆಯಾಗುತ್ತಾನೆ. (ಅರಣ್ಯರಕ್ಷಕನಿಗೆ ಮಾತ್ರ ಅವನು ಮರೆಯಾಗುವುದಿಲ್ಲ.) ಕಾಯಿದೆಯ ಪೂರ್ಣ ವಾಕ್ಯದಲ್ಲಿ ‘ಇಂಥ ಉದ್ದೇಶಕ್ಕಾಗಿ, ಇಂಥವನನ್ನು, ಇಂಥವನೆಂದು ಭಾವಿಸತಕ್ಕದ್ದು’ ಎಂದು ಎಲ್ಲ ಇರುತ್ತದೆ. ವಾಕ್ಯ ಮುದುಡಿ ಎರಡೇ ಶಬ್ದಗಳ ಜೋಡಿಯಾದಾಗ ಭಾವಿಸಿದವರೂ ಹೋದರು, ಉದ್ದೇಶವೂ ಹೋಯಿತು. ಬಿಳಿಯ ಹಸು, ಎತ್ತರದ ಮರ ಎನ್ನುವಂತೆ, ‘ಡೀಮ್ಡ್’ ಎಂಬುದು ಆ ನೆಲಕ್ಕೇ ಹುಟ್ಟಿನಿಂದ ಅಂಟಿಕೊಂಡ ಗುಣವೋ ಎಂಬಂತೆ ಕಾಣತೊಡಗುತ್ತದೆ. ಈ ಶಬ್ದದಿಂದ ಜನರಿಗೆ ಆಗುತ್ತಿರುವ ಗಲಿಬಿಲಿಯ ಬಹುಭಾಗ ಈ ಮುದುಡುವಿಕೆಯಿಂದಲೇ ಹುಟ್ಟಿದೆಯೆಂದು ನನ್ನ ಅಭಿಪ್ರಾಯ.

ಈಗ ಅರಣ್ಯದ ವಿಚಾರ. ‘ರಿಸರ್ವ್ಡ್’ ಅರಣ್ಯವೆಂಬುದಕ್ಕೆ ಒಂದು ಕ್ರಮವಿದೆ. 1963ರ ಕರ್ನಾಟಕ ಅರಣ್ಯ ಕಾಯಿದೆಯ ನಾಲ್ಕನೆಯ ಕಲಮಿನಂತೆ ಸರ್ಕಾರ ಮೊದಲು ತನ್ನ ಉದ್ದೇಶವನ್ನು ಸಾರಬೇಕು. ಹಕ್ಕುಳ್ಳವರ ಅಹವಾಲನ್ನು ಅಧಿಕಾರಿ ಕೇಳಬೇಕು. ಆಮೇಲೆ ಹದಿನೇಳನೆಯ ಕಲಮಿನಂತೆ ಅಂತಿಮ ಘೋಷಣೆ. ‘ಡೀಮ್ಡ್’ ಅರಣ್ಯ ಹುಟ್ಟಿದ ದಾರಿ ಬೇರೆ. 1980ರ ಅರಣ್ಯ ಸಂರಕ್ಷಣಾ ಕಾಯಿದೆಯಲ್ಲಿ ಹಾಗೆಂಬ ವ್ಯಾಖ್ಯೆ ಇರಲಿಲ್ಲ. ನೀಲಗಿರಿ ಸೀಮೆಯ ಮರಗಳ ಕಡಿತದ ವಿಷಯವಾಗಿ ಗೋದವರ್ಮನ್ ಎಂಬವರು ಹೂಡಿದ ಪ್ರಸಿದ್ಧ ಮೊಕದ್ದಮೆಯಲ್ಲಿ, 1996ರ ಡಿಸೆಂಬರ್ 12ರಂದು ಸರ್ವೋಚ್ಚ ನ್ಯಾಯಾಲಯ, ಆ ಕಾಯಿದೆಯಲ್ಲಿರುವ ‘ಫಾರೆಸ್ಟ್’ ಎಂಬ ಶಬ್ದವನ್ನು ನಿಘಂಟಿನ ಅರ್ಥದಲ್ಲಿ ತಿಳಿಯಬೇಕೆಂದಿತು. ಸರ್ಕಾರದ ದಾಖಲೆಯಲ್ಲಿ ಅರಣ್ಯವೆಂದು ಬರೆದಿರುವ ಪ್ರದೇಶವೂ, ಒಡೆತನ ಯಾರದೇ ಆಗಿರಲಿ, ಅದರೊಳಗೆ ಬರುತ್ತದೆಂದಿತು. ಅಂಥವನ್ನು ಗುರುತಿಸಲು ತಜ್ಞರ ಸಮಿತಿ ಮಾಡಬೇಕೆಂದು ರಾಜ್ಯಗಳಿಗೆ ಹೇಳಿತು. ಹೀಗೆ ಗುರುತಾದವಕ್ಕೆ ಬಳಕೆಯಲ್ಲಿ ‘ಡೀಮ್ಡ್ ಫಾರೆಸ್ಟ್’ ಎಂಬ ಹೆಸರು ನಿಂತಿತು. ಒಂದು ವಿನೋದವನ್ನು ನೋಡಿರಿ: ನಿಘಂಟಿನ ಅರ್ಥದಂತೆ ಯಾವುದು ಅರಣ್ಯವೋ ಅದು ಅರಣ್ಯವೇ, ಅರಿಸಿನವಲ್ಲ, ಗಣಪತಿಯೇ. ಹಾಗಾದರೆ ಅದನ್ನು ‘ಡೀಮ್ಡ್’ ಎನ್ನುವುದೇಕೆ? ಇಂಗ್ಲೆಂಡಿನ ನ್ಯಾಯಮೂರ್ತಿ ಲಾರ್ಡ್ ರ‍್ಯಾಡ್‌ಕ್ಲಿಫ್ ಇದಕ್ಕೆ ಉತ್ತರವಾಗುವ ಮಾತೊಂದನ್ನು ಹೇಳಿದ್ದಾರೆ. ಶಾಸನಗಳಲ್ಲಿ ಈ ಶಬ್ದ ಯಾವಾಗಲೂ ಕಲ್ಪನೆಗೇ ಬರುವುದಿಲ್ಲ. ಸಂದೇಹಕ್ಕೆಡೆಯಿರುವುದನ್ನು ಗಟ್ಟಿಮಾಡುವುದಕ್ಕೂ, ಸ್ಪಷ್ಟವಾದದ್ದು, ಅಸ್ಪಷ್ಟವಾದದ್ದು ಎರಡನ್ನೂ ಒಟ್ಟಿಗೆ ಕಟ್ಟುವುದಕ್ಕೂ ಬರುತ್ತದೆ ಎಂಬುದು ಅದರ ಸಾರ. ನಮ್ಮ ಪಟ್ಟಿಗಳಲ್ಲಿ ಆದದ್ದು ಈ ಒಟ್ಟಿಗೆ ಕಟ್ಟುವ ಕೆಲಸವೇ.

ತೊಡಕು ಇರುವುದು ನಿಘಂಟಿನಲ್ಲಿ. ಯಾವ ಭಾಷೆಯ ನಿಘಂಟು? ಇಂಗ್ಲಿಷಿಗೆ ‘ಫಾರೆಸ್ಟ್’ ಒಂದು ಸಾಕು. ನಮ್ಮ ಮಲೆನಾಡಿನವನಿಗೆ ಕಾಡು ಬೇರೆ, ಕಾನು ಬೇರೆ, ಹಾಡಿ ಬೇರೆ, ಬ್ಯಾಣ ಬೇರೆ, ಬೆಟ್ಟ ಬೇರೆ. ಅಡಕೆ ತೋಟದವನು ‘ನಮ್ಮ ಬೆಟ್ಟ’ ಎಂದರೆ ಅದು ಕೊಡಚಾದ್ರಿಯಂಥ ಶಿಖರವಲ್ಲ. ತೋಟದ ಗೊಬ್ಬರಕ್ಕೆ ಸೊಪ್ಪು, ದರಗು ತರುವ ಸೊಪ್ಪಿನಬೆಟ್ಟ. ಅಲ್ಲಿ ಮರಗಳುಂಟು, ನೆಲ ಸರ್ಕಾರದ್ದು, ಸೊಪ್ಪಿನ ಸವಲತ್ತು ತೋಟದ್ದು. ಬ್ಯಾಣ ಎಂದರೆ ಹುಲ್ಲಿನ ಜಾಗ, ನಡುನಡುವೆ ಮರ. ಕಾನು ಎಂದರೆ ನಿತ್ಯಹಸುರಿನ ದಟ್ಟ ತೋಪು. ಅದನ್ನು ಅರಣ್ಯವಲ್ಲವೆಂದು ವಾದಿಸುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ, ಯಾರು ಏನೇ ಹೇಳಲಿ. ಇವನ್ನೆಲ್ಲ ಒಂದೇ ಇಂಗ್ಲಿಷ್ ಶಬ್ದದ ಚೀಲಕ್ಕೆ ತುಂಬಿ, ಬಾಯಿಗೆ ‘ಡೀಮ್ಡ್’ ಎಂಬ ದಾರ ಕಟ್ಟಿದಾಗ, ನಿಜವಾಗಿ ಕಾಪಾಡಬೇಕಾದ ಕಾನೂ, ಶಾಲೆಯ ಅಂಗಳವೂ ಒಂದರ ಪಕ್ಕದಲ್ಲೊಂದು ಬಂದು ಕುಳಿತವೆಂಬ ದೂರು ಹುಟ್ಟಿತು. ಕರ್ನಾಟಕದಲ್ಲಿ ಮೊದಲು ಗುರುತಿಸಿದ್ದು ಸುಮಾರು 9.94 ಲಕ್ಷ ಹೆಕ್ಟೇರು. ಮರುಪರಿಶೀಲನೆಯಾಗಿ 2022ರಲ್ಲಿ ಸರ್ಕಾರ ಅದನ್ನು ಸುಮಾರು 3.3 ಲಕ್ಷ ಹೆಕ್ಟೇರಿಗೆ ಇಳಿಸಿತು. 2023ರಲ್ಲಿ ಪಾರ್ಲಿಮೆಂಟು ಮೂಲ ಕಾಯಿದೆಯನ್ನು ತಿದ್ದಿ ಅದರ ವ್ಯಾಪ್ತಿಯನ್ನು ಕಿರಿದು ಮಾಡಿತು. 2024ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಮಧ್ಯಂತರ ಆದೇಶ ಕೊಟ್ಟು, ಸದ್ಯಕ್ಕೆ 1996ರ ಅರ್ಥವನ್ನೇ ಹಿಡಿದು ನಡೆಯಬೇಕೆಂದಿತು. ಒಂದು ಶಬ್ದದ ಅರ್ಥಕ್ಕಾಗಿ ಇಷ್ಟು ಓಡಾಟ!

ಹಾಗಾದರೆ ಒಂದು ಸರ್ವೆ ನಂಬರು ಈ ಪಟ್ಟಿಯಲ್ಲಿದ್ದರೆ ಏನಾಯಿತೆಂದು ತಿಳಿಯಬೇಕು? ಜಮೀನು ಹೋಯಿತೆಂದೆ? ಶಬ್ದ ಅಷ್ಟನ್ನು ಹೇಳುವುದಿಲ್ಲ. ‘ಯಾವ ಉದ್ದೇಶಕ್ಕೆ’ ಎಂಬ ನಮ್ಮ ಹಳೆಯ ಪ್ರಶ್ನೆಯನ್ನು ಇಲ್ಲಿ ಹಾಕಬೇಕು. 1980ರ ಕಾಯಿದೆಯ ಉದ್ದೇಶಕ್ಕೆ. ಅಂದರೆ ಕೇಂದ್ರ ಸರ್ಕಾರದ ಪೂರ್ವಾನುಮತಿಯಿಲ್ಲದೆ ಅದನ್ನು ಅರಣ್ಯೇತರ ಕೆಲಸಕ್ಕೆ ಬಳಸಕೂಡದು. ಪಟ್ಟಾ ಜಮೀನಾಗಿದ್ದರೆ ಒಡೆತನ ಒಡೆಯನಲ್ಲಿಯೇ ಇರುತ್ತದೆ, ಕೈ ಮಾತ್ರ ಕಟ್ಟಿರುತ್ತದೆ. ಆದರೆ ಅದು ಸರ್ಕಾರಿ ಕಂದಾಯ ಭೂಮಿಯಾಗಿದ್ದು, ಬಗರ್ ಹುಕುಂ ಸಾಗುವಳಿದಾರ ಮಂಜೂರಾತಿಗೆ ಕಾದು ಕುಳಿತಿದ್ದರೆ, ಆ ಕಟ್ಟು ಅವನ ಕುತ್ತಿಗೆಗೇ ಬರುತ್ತದೆ. ಮಂಜೂರು ಮಾಡುವ ಅಧಿಕಾರಿಯ ಲೇಖನಿ ಅಲ್ಲಿಯೇ ನಿಲ್ಲುತ್ತದೆ. ಒಂದೇ ಶಬ್ದ, ಎರಡು ಮನೆಗಳಲ್ಲಿ ಎರಡು ಫಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಊರು ಬಿಟ್ಟು ಬಂದು, ಅರಣ್ಯದ ಅಂಚಿನಲ್ಲಿ ಕೊಟ್ಟ ಜಾಗಗಳಲ್ಲಿ ಬೇರೂರಿದವರ ಸಂಗತಿಯನ್ನು ಇದರೊಡನೆ ಸೇರಿಸಿ ಮಾತನಾಡುವುದುಂಟು. ಅದು ಸರಿಯಲ್ಲ. ಅವರಲ್ಲಿ ಹಲವರ ಕಷ್ಟ ‘ಡೀಮ್ಡ್’ ಅರಣ್ಯದ್ದಲ್ಲ, ಅಧಿಸೂಚಿತ ಅರಣ್ಯವನ್ನು ಕಾಗದದ ಮೇಲೆ ಬಿಡಿಸಿಕೊಡದೆ ಉಳಿಸಿದ್ದರದು. ಎರಡಕ್ಕೂ ಮದ್ದು ಬೇರೆ. ಅರ್ಜಿ ಬರೆಯುವಾಗ ಗುಣವಾಚಕ ತಪ್ಪಿದರೆ ಅರ್ಜಿ ತಪ್ಪಾದ ಮೇಜಿಗೆ ಹೋಗುತ್ತದೆ.

ಇನ್ನು ಕನ್ನಡದಲ್ಲಿ ಇದಕ್ಕೆ ಏನೆನ್ನಬೇಕು? ವಾಕ್ಯವಾಗಿದ್ದಾಗ ‘ಎಂದು ಭಾವಿಸತಕ್ಕದ್ದು’ ಎಂಬ ಪ್ರಯೋಗ ಚೆನ್ನಾಗಿದೆ. ಆ ‘ತಕ್ಕದ್ದು’ ಎಂಬಲ್ಲಿ ಅಪ್ಪಣೆಯ ಧ್ವನಿಯೂ ಉಳಿಯುತ್ತದೆ. ಗುಣವಾಚಕಕ್ಕೆ ಪತ್ರಿಕೆಗಳಲ್ಲಿ ‘ಪರಿಭಾವಿತ’ ಎಂಬುದು ಬರುತ್ತಿದೆ. ತಪ್ಪಲ್ಲ, ಆದರೆ ಅದನ್ನು ಅರ್ಥಮಾಡಿಕೊಳ್ಳುವುದಕ್ಕೆ ಮೊದಲು ‘ಡೀಮ್ಡ್’ ಎಂಬುದು ಗೊತ್ತಿರಬೇಕಾಗುತ್ತದೆ! ‘ಅರಣ್ಯವೆನಿಸಿದ ಭೂಮಿ’ ಎನ್ನಬಹುದೇ ಎಂದು ಒಬ್ಬ ವಿದ್ಯಾರ್ಥಿ ಕೇಳಿದ. ಕಿವಿಗೆ ಹಿತವಾಗಿದೆ, ಆದರೆ ‘ಎನಿಸಿದ’ ಎಂಬುದರಲ್ಲಿ ಜನರ ಬಾಯಿಯ ಖ್ಯಾತಿಯಿದೆ, ಕಾನೂನಿನ ಅಪ್ಪಣೆಯಿಲ್ಲ. ‘ಅರಣ್ಯವೆಂದು ಹಿಡಿದ ಭೂಮಿ’ ಎಂಬುದು ನನಗೆ ಹೆಚ್ಚು ಒಪ್ಪಿಗೆ. ಲೆಕ್ಕ ಹಿಡಿಯುವುದು, ಗಣನೆಗೆ ಹಿಡಿಯುವುದು ಎಂಬ ಮಾತುಗಳು ನಮ್ಮಲ್ಲಿ ಇದ್ದೇ ಇವೆ. ಹಿಡಿದವರು ಯಾರು ಎಂಬ ಪ್ರಶ್ನೆಯೂ ಅದರ ಹಿಂದೆಯೇ ಬರುತ್ತದೆ.

ಜನ ಮಾತ್ರ ನಮ್ಮ ಅನುವಾದಕ್ಕೆ ಕಾಯುತ್ತ ಕುಳಿತಿಲ್ಲ. ಹೊಸನಗರದ ಬಸ್ಸಿನಲ್ಲಿ ‘ನಮ್ಮ ಬೆಟ್ಟ ಡೀಮ್ಡಿಗೆ ಹೋಗಿದೆ’, ‘ಅವರದು ಡೀಮ್ಡಿನಿಂದ ತಪ್ಪಿತಂತೆ’ ಎಂದು ಆಡಿಕೊಳ್ಳುವುದನ್ನು ಕೇಳಿದ್ದೇನೆ. ಇಂಗ್ಲಿಷಿನಲ್ಲಿ ಕ್ರಿಯಾಪದವಾಗಿ ಹುಟ್ಟಿ, ಗುಣವಾಚಕವಾಗಿ ಸಮುದ್ರ ದಾಟಿದ ಶಬ್ದ, ಇಲ್ಲಿ ನಾಮಪದವಾಗಿ ಚತುರ್ಥಿ, ಪಂಚಮೀ ವಿಭಕ್ತಿಗಳನ್ನು ಹಚ್ಚಿಕೊಂಡು ಕುಳಿತಿದೆ. ಮುಂದೆ ಯಾರಾದರೂ ಈ ಮೂರು ತಾಲ್ಲೂಕುಗಳ ಆಡುನುಡಿಯ ಕೋಶವನ್ನು ಮಾಡಿದರೆ, ‘ಡ’ಕಾರದ ಪುಟದಲ್ಲಿ ಅದನ್ನು ಸೇರಿಸಬೇಕಾಗುತ್ತದೆ.